ವ್ಯಾನಿನ ಎಂಜಿನ್ ಬಿಚ್ಚಿಸಿದ ದಿನಗಳು

೮ ಜೂನ್ ೧೯೯೮, ಚಳ್ಳಕೆರೆ

ಶಾಲೆಗಳು ಶುರುವಾದವು. ಮೊಳಕಾಲ್ಮೂರಿನ ಕಡೆ ಕೆಲಸಕ್ಕೆ ಹೋಗುವ ಟೀಚರಮ್ಮಂದಿರೆಲ್ಲ ಮತ್ತೆ ವ್ಯಾನು ಹತ್ತಿದರು. ರಜೆಯಲ್ಲಿ ನಿಂತು ನಿಂತು ಮೊಂಡಾಗಿರುತ್ತದೇನೋ ಎಂದುಕೊಂಡಿದ್ದೆ. ಇಲ್ಲ, ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಎಣ್ಣೆ ಮಿಲ್ಲು ಮುಚ್ಚಿದಾಗ ಕೈಗೆ ಬಂದ ದುಡ್ಡಿನಲ್ಲಿ ಕೊಂಡ ವ್ಯಾನು. ಆಗಲೇ ಹಳೆಯದು, ಈಗ ಇನ್ನೂ ಹಳೆಯದು. ಆದರೂ ಎಂಜಿನ್ನಿನ ಸದ್ದು ವರ್ಷದಿಂದ ವರ್ಷಕ್ಕೆ ತಗ್ಗುತ್ತಾ ಬಂದಿದೆ. ಹೊತ್ತುಹೊತ್ತಿಗೆ ಒಳ್ಳೆಯ ಆಯಿಲ್ ಹಾಕಿದರೆ ಹೀಗೆಯೇ.

ಮನೆಯಾಕೆ ಸುಲೋಚನ ಯಾಕೋ ಮಾತು ಕಡಿಮೆ ಮಾಡಿದ್ದಾಳೆ. ತಟ್ಟೆ ಮುಂದಿಟ್ಟು ಒಳಗೆ ಹೋಗಿಬಿಡುತ್ತಾಳೆ. ಏನು ಮುನಿಸೋ. ಕೇಳಲು ಹೋಗಲಿಲ್ಲ.

೧೩ ಜೂನ್

ಶನಿವಾರ, ಅರ್ಧ ದಿನ. ವಾಪಸು ಬರುವಾಗ ಮುಂದಿನ ಸೀಟಿನಲ್ಲಿದ್ದ ದಾಕ್ಷಾಯಿಣಿ ಮೇಡಂ ನನ್ನ ತೋಳು ತಟ್ಟಿ ಏನೋ ಹೇಳಿದರು. ಮೊಳಕಾಲ್ಮೂರಿನಲ್ಲಿ ಹೆಣ್ಣುಮಕ್ಕಳ ಶಾಲೆಯ ಟೀಚರು ಇವರು, ನನ್ನ ವ್ಯಾನು ಮೊದಲು ಹತ್ತಿದವರು. ಈಗಿನ ಕಾಲದವರಿಗೆ ಬಾಯಿಬಿಟ್ಟು ಮಾತಾಡುವುದೇ ಮರೆತುಹೋಗಿದೆ, ಎಲ್ಲರೂ ಗೊಣಗುತ್ತಾರೆ. ನಾನು ಎರಡು ಸಲ "ಆಂ?" ಎಂದ ಮೇಲೆ ಬಗ್ಗಿ ಕಿವಿಯ ಹತ್ತಿರ ಕೂಗಿದರು.

"ಅಣ್ಣಾ, ಎಂಜಿನ್ ಒಳಗೆ ಏನೋ ಬಡ್ಕಳ್ತೈತೆ. ಹೋದ ವಾರದಿಂದ ಕೇಳ್ತಾ ಇದೀನಿ. ಯಾರಿಗಾದ್ರೂ ತೋರಿಸ್ರಿ."

"ಅದು ರೋಡು ಮೇಡಂ, ಎಂಜಿನ್ ಅಲ್ಲ" ಎಂದೆ.

ಹೆಂಗಸರಿಗೆ ಎಂಜಿನ್ ವಿಷಯ ಏನು ಗೊತ್ತು.

೧೯ ಜೂನ್

ಇವತ್ತು ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಬೆಳಿಗ್ಗೆ ತಳಕು ದಾಟಿದ ಮೇಲೆ ಎಡಗಡೆ ಒಂದು ದೊಡ್ಡ ಗುಂಡಿ ಬಂತು. ತಪ್ಪಿಸಲು ಸ್ಟೇರಿಂಗ್ ಬಲಕ್ಕೆ ಎಳೆದೆ. ಅಷ್ಟರಲ್ಲಿ ಪಕ್ಕಕ್ಕೇ ಒಂದು ಲಾರಿ, ನನ್ನ ಕಿಟಕಿಗೆ ಒರಗಿಕೊಂಡಂತೆ. ಎಲ್ಲಿಂದ ಬಂತೋ! ನಾನು ಬ್ರೇಕ್ ತುಳಿದೆ. ಲಾರಿ ರಸ್ತೆ ಬಿಟ್ಟು ಬಲಗಡೆಯ ಜಾಲಿ ಪೊದೆಗಳಿಗೆ ನುಗ್ಗಿ ನಿಂತಿತು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಒಬ್ಬರ ಟಿಫಿನ್ ಡಬ್ಬಿ ಚೆಲ್ಲಿತು, ಅಷ್ಟೇ.

ಲಾರಿಯವನು ಇಳಿದು ಬಂದು ನನ್ನ ಕಾಲರ್ ಹಿಡಿದ. ಅವನ ಬಾಯಿ ಆಡುತ್ತಿತ್ತು, ಎಂಜಲು ಮುಖಕ್ಕೆ ಸಿಡಿಯುತ್ತಿತ್ತು. ನಾನೂ ಬಿಡಲಿಲ್ಲ. "ಹಾರನ್ ಹೊಡೀದೆ ಓವರ್‌ಟೇಕ್ ಮಾಡ್ತೀಯೇನ್ಲೇ?" ಎಂದೆ. ಅವನು ಕಾಲರ್ ಬಿಟ್ಟು ನನ್ನನ್ನೇ ನೋಡಿದ. ಆಮೇಲೆ ವ್ಯಾನಿನಲ್ಲಿದ್ದವರನ್ನು ನೋಡಿದ. ಒಬ್ಬರೂ ನನ್ನ ಪರವಾಗಿ ಬಾಯಿ ತೆರೆಯಲಿಲ್ಲ.

ಅವನು ಹೋದ ಮೇಲೆ ದಾಕ್ಷಾಯಿಣಿ ಮೇಡಂ ನನ್ನ ಎದುರಿಗೆ ಬಂದು ನಿಂತು ಬಿಡಿಸಿ ಬಿಡಿಸಿ ಹೇಳಿದರು. "ಅಣ್ಣಾ, ಅವನು ಕೈ ತೆಗೀದೇ ಹಾರನ್ ಒತ್ತಿದ. ನಾವೆಲ್ಲ ಕಿವಿ ಮುಚ್ಕಂಡ್ವಿ."

ಹಾರನ್ ಆಗಲಿಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ. ಆದರೆ ಅಷ್ಟು ಜನ ಸೇರಿ ಒಂದೇ ಸುಳ್ಳು ಹೇಳುತ್ತಾರೆಯೇ?

೨೧ ಜೂನ್

ಭಾನುವಾರ ಬಡೇಸಾಬನ ಗ್ಯಾರೇಜಿಗೆ ಹೋದೆ. ಮಿಲ್ಲಿನಲ್ಲಿ ಅವನು ಫಿಟ್ಟರು, ನಾನು ಗೋದಾಮಿನ ಗುಮಾಸ್ತ. ಒಂದೇ ಬೆಂಚಿನ ಮೇಲೆ ಊಟದ ಗಂಟು ಬಿಚ್ಚಿದವರು. ಮಿಲ್ಲು ಮುಚ್ಚಿದ ಮೇಲೆ ಅವನು ಗ್ಯಾರೇಜು ಹಾಕಿದ, ನಾನು ವ್ಯಾನು ತೆಗೆದುಕೊಂಡೆ.

ನಾನು ಇಳಿಯುವುದರೊಳಗೇ ಅವನು ಕೈ ಒರೆಸಿಕೊಳ್ಳುತ್ತಾ ಬಂದ. ಅವನೊಬ್ಬ ಮಾತ್ರ ಇವತ್ತಿಗೂ ಗಟ್ಟಿಯಾಗಿ ಮಾತಾಡುತ್ತಾನೆ.

"ಲೇ ಶಾಂತವೀರ, ನೀನು ತಿರುವಿನಾಗೆ ಬರೋವಾಗ್ಲೇ ಗೊತ್ತಾತು. ಬೇರಿಂಗ್ ಹೋಗೈತೆ ಕಣ್ಲೇ. ಹಿಂಗೇ ಓಡಿಸಿದ್ರೆ ಒಂದಿನ ದಾರಿನಾಗೆ ಎಂಜಿನ್ ಜಾಮ್ ಆಗಿ ಕುಂದರ್ತೈತೆ."

"ಸದ್ದೇ ಇಲ್ಲವಲ್ಲೋ" ಎಂದೆ.

ಅವನು ಹುಬ್ಬು ಗಂಟಿಕ್ಕಿ ಒಂದು ಉದ್ದನೆಯ ಸ್ಕ್ರೂಡ್ರೈವರ್ ತಂದ. ಅದರ ತುದಿಯನ್ನು ಓಡುತ್ತಿದ್ದ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ನನ್ನ ಕಿವಿಯ ಹಿಂದಿನ ಮೂಳೆಗೆ ಇಟ್ಟ. ತಟ್, ತಟ್, ತಟ್. ತಲೆಯೊಳಗೇ ಯಾರೋ ಸುತ್ತಿಗೆಯಿಂದ ಬಡಿದಂತೆ ಕೇಳಿಸಿತು! ಹಿಡಿಯನ್ನು ತೆಗೆದೆ. ಏನೂ ಇಲ್ಲ. ಮತ್ತೆ ಇಟ್ಟೆ. ತಟ್, ತಟ್.

ನಾನು ಎಂಜಿನ್ ಪರೀಕ್ಷೆ ಮಾಡುತ್ತಿದ್ದೇನೆ ಎಂದು ಬಡೇಸಾಬ ತಿಳಿದಿರಬೇಕು. ನಾನು ಪರೀಕ್ಷೆ ಮಾಡುತ್ತಿದ್ದದ್ದು ಎಂಜಿನ್ನನ್ನಲ್ಲ.

ವ್ಯಾನನ್ನು ಅಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಬಂದೆ. ಹಿಂದಿನಿಂದ ಯಾವ ಗಾಡಿ ಬರುತ್ತಿದೆಯೋ ಎಂದು ಹೆಜ್ಜೆ ಹೆಜ್ಜೆಗೂ ತಿರುಗಿ ನೋಡಿದೆ. ಇಷ್ಟು ದಿನ ಈ ಕಿವಿ ಇಟ್ಟುಕೊಂಡು ಅಷ್ಟು ಜನ ಹೆಣ್ಣುಮಕ್ಕಳನ್ನು ಕರೆದೊಯ್ದೆನಲ್ಲ.

೨೪ ಜೂನ್

ಸುಲೋಚನಳ ತಮ್ಮ ಮಲ್ಲಿಕ್ ಬಂದಿದ್ದ. ಮಾರ್ಕೆಟ್ ಯಾರ್ಡಿನಲ್ಲಿ ಕಡಲೆಕಾಯಿ ಮಂಡಿ ಇಟ್ಟವನು, ಚುರುಕು ಮನುಷ್ಯ. ದಾವಣಗೆರೆಯಲ್ಲಿ ಆಕ್ಸಿಡೆಂಟ್ ಆದ ವ್ಯಾನೊಂದು ಇದೆಯಂತೆ. ಮೂತಿ ನುಜ್ಜುಗುಜ್ಜಾದರೂ ಎಂಜಿನ್ ಚೆನ್ನಾಗಿದೆಯಂತೆ. ನನಗೆ ಕೇಳಿಸಲೆಂದು ಕೈ ಬಾಯಿ ಎರಡನ್ನೂ ಆಡಿಸಿ ಹೇಳಿದ.

"ಭಾವ, ಹಳೇ ಎಂಜಿನ್ ಬಿಚ್ಚಿ ಕುಂತ್ರೆ ತಿಂಗಳು ಹಿಡೀತೈತೆ. ಅದನ್ನ ತಂದು ಕುಂದ್ರಿಸಿದ್ರೆ ಎಲ್ಡು ದಿನದ ಕೆಲಸ. ಟೀಚರ್‌ಗಳು ಬಸ್ಸಿನಾಗೆ ನಿಂತ್ಕಂಡು ಹೋಗ್ತಾ ಅವ್ರೆ. ಬೇರೆ ಗಾಡಿಯವನು ಕರೆದ್ರೆ ಇಡೀ ವರ್ಷಕ್ಕೆ ಅಂತ ಅವನ ಜೊತೆ ಬಾಡಿಗೆ ಮಾತಾಡ್ಕಂತಾರೆ, ನೋಡ್ತಿರ್ರಿ."

ಅವನು ಹೇಳುವುದು ನ್ಯಾಯ. ಎರಡೇ ದಿನ ಎಂಬುದು ಯಾರಿಗಾದರೂ ಖುಷಿಯ ಮಾತು. ನನಗೆ ಮಾತ್ರ ಅದು ಬೇಡವಾಗಿತ್ತು. ವ್ಯಾನು ಗ್ಯಾರೇಜಿನಲ್ಲಿ ಇರುವಷ್ಟು ದಿನ ನಾನು ಯಾಕೆ ಓಡಿಸುತ್ತಿಲ್ಲ ಎಂದು ಯಾರೂ ಕೇಳುವುದಿಲ್ಲ. ಬೇಗ ಬಂದುಬಿಟ್ಟರೆ ಏನು ಹೇಳಲಿ?

೨೬ ಜೂನ್

ಬಡೇಸಾಬ ಎಂಜಿನ್ ಬಿಚ್ಚಿದ. ಬೇರಿಂಗುಗಳು ಸವೆದು ತಾಮ್ರ ಕಾಣುತ್ತಿದೆ, ಒಂದು ಪಿಸ್ಟನ್ನಿನ ರಿಂಗ್ ಮುರಿದಿದೆ. ಕ್ರ್ಯಾಂಕ್ ದಂಡದ ಮೇಲೆ ಗೀರು ಬಿದ್ದಿದೆ, ಆದರೆ ಲೇತಿನಲ್ಲಿ ಕಡೆದು ಸರಿ ಮಾಡಬಹುದಂತೆ. ಎಲ್ಲೂ ಬಿರುಕಿಲ್ಲ. "ಮಾಡಿದ್ರೆ ಇನ್ನೂ ಹತ್ತು ವರ್ಷ ಓಡ್ತೈತೆ. ಆದ್ರೆ ಟೈಂ ಬೇಕು. ಲೇತ್ ಕೆಲಸ ದುರ್ಗದಾಗೆ ಆಗ್ಬೇಕು. ನೀನು ಹೇಳು, ಇದನ್ನೇ ಮಾಡ್ಲಾ, ಬೇರೆ ತರ್ತೀಯಾ?"

ಮಲ್ಲಿಕ್ ತೋರಿಸುವ ಎಂಜಿನ್ನನ್ನೂ ನೋಡಿಬಿಡೋಣ ಎಂದೆ. ಮನಸ್ಸಿನಲ್ಲಿ ಇದ್ದದ್ದು ಒಂದೇ, ಇನ್ನೆರಡು ದಿನ ತಳ್ಳುವುದು.

೨೮ ಜೂನ್

ಮಲ್ಲಿಕ್, ಬಡೇಸಾಬ, ನಾನು ಮೂವರೂ ದಾವಣಗೆರೆಗೆ ಹೋಗಿ ಬಂದೆವು.

ವ್ಯಾನಿನ ಮೂತಿ ಒಳಕ್ಕೆ ಹೋಗಿತ್ತು. ಸ್ಟೇರಿಂಗಿಗೆ ಯಾರೋ ಕಟ್ಟಿದ್ದ ಕೆಂಪು ರಿಬ್ಬನ್ನು ಹಾಗೇ ಇತ್ತು. ಓಡಿಸುತ್ತಿದ್ದವನು ಏನಾದ ಎಂದು ನಾನು ಕೇಳಲಿಲ್ಲ. ಮಾರುವವನು ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಿದ. ಮಲ್ಲಿಕ್ ಮುಖ ಅರಳಿತು.

"ಕೇಳ್ರಿ ಭಾವ, ಹೆಂಗೈತೆ! ಹೊಲಿಗೆ ಮಿಷನ್ ಇದ್ದಂಗೈತೆ!"

ನಾನು ತಲೆ ಆಡಿಸಿದೆ. ಬಡೇಸಾಬ ಆಯಿಲ್ ನೋಡುವ ಕಡ್ಡಿ ಎಳೆದು, ಬೆರಳಿಗೆ ಹಚ್ಚಿಕೊಂಡು ಉಜ್ಜಿದ. ಜೋನಿಬೆಲ್ಲದ ಹಾಗೆ ಎಳೆ ಬಂತು. ಅವನು ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋದ.

"ದಪ್ಪ ಆಯಿಲ್ ಹಾಕವ್ನೆ. ಸದ್ದು ಮುಚ್ಚೋಕೋ, ಅವನ ರೂಢಿಯೋ, ಖುದಾಗೇ ಗೊತ್ತು. ಒಳಗೆ ಒಂದು ಚೂರು ಬಡ್ಕಂಡಂಗೆ ನನಗೆ ಅನ್ನಿಸ್ತೈತೆ. ನಾನೂ ಮಿಲ್ಲಿನ ಗದ್ದಲದಾಗೆ ಇದ್ದೋನು, ನನ್ನ ಕಿವಿ ಮೇಲೆ ನನಗೇ ಪೂರ್ತಿ ನಂಬಿಕೆ ಇಲ್ಲ. ನೀನೂ ಕೇಳಿ ಹೇಳು. ಗಾಡಿ ನಿಂದು."

ಸುಮ್ಮನೆ "ಚೆನ್ನಾಗೈತೆ" ಎಂದಿದ್ದರೆ ಮುಗಿಯುತ್ತಿತ್ತು. "ಚೆನ್ನಾಗಿಲ್ಲ" ಎಂದಿದ್ದರೂ ಮುಗಿಯುತ್ತಿತ್ತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಿಜ ಬಾಯಿಗೆ ಬಂದುಬಿಟ್ಟಿತು.

"ನನಗೆ ಕೇಳಿಸ್ತಿಲ್ಲ ಬಡೇ. ಎಂಜಿನ್ ಓಡ್ತೈತೋ ನಿಂತೈತೋ ಅನ್ನೋದೂ ಕೈ ಇಟ್ರೇ ಗೊತ್ತಾಗೋದು."

ಅವನು ನಗುತ್ತಾನೆ ಎಂದುಕೊಂಡೆ. ಬೆರಳಿನ ಎಣ್ಣೆಯನ್ನು ಚಿಂದಿಗೆ ಒರೆಸುತ್ತಾ ನಿಂತ.

"ಎಲ್ಡು ವರ್ಷದಿಂದ ನಿನ್ನ ಜೊತೆ ಕೂಗಿ ಕೂಗಿ ನನ್ನ ಗಂಟ್ಲು ಹೋಗೈತೆ. ಮನೇಲೂ ಕೂಗೇ ಮಾತಾಡ್ತೀನಿ ಅಂತ ನನ್ನ ಹೆಂಡ್ತಿ ಬೈತಾಳೆ. ಹೆಂಗ್ ಹೇಳೋದು ಅಂತ ಗೊತ್ತಾಗ್ಲಿಲ್ಲ ಕಣ್ಲೇ. ನಿನಗೆ ಬೇಜಾರಾಗ್ತೈತಲ್ಲ ಅಂತ ಸುಮ್ನಿದ್ದೆ."

ಮೂವರೂ ಬಸ್ಸಿನಲ್ಲಿ ವಾಪಸು ಬಂದೆವು. ಮಲ್ಲಿಕ್‌ಗೆ ಏನೂ ಗೊತ್ತಿಲ್ಲ.

೩೦ ಜೂನ್

ಹಳೆಯ ಎಂಜಿನ್ನನ್ನೇ ಮಾಡು ಎಂದು ಬಡೇಸಾಬನಿಗೆ ಹೇಳಿಬಿಟ್ಟೆ. ಗೊತ್ತಿಲ್ಲದ ಎಂಜಿನ್ ತಂದು ಅದರ ಮೇಲೆ ಜನರನ್ನು ಕೂರಿಸಲು ಧೈರ್ಯವಿಲ್ಲ. ಇದರ ರೋಗ ಕಣ್ಣಿಗೆ ಕಂಡಿದೆ. ಕಾಲಾವಕಾಶವೂ ಸಿಗುತ್ತದೆ, ಅದು ಬೇರೆ ವಿಷಯ. ಕ್ರ್ಯಾಂಕು ಇವತ್ತೇ ದುರ್ಗದ ಲೇತಿಗೆ ಹೋಯಿತು.

ಮಲ್ಲಿಕ್ ಸಿಟ್ಟಾಗಿ ಕಾಫಿ ಕುಡಿಯದೆ ಹೋದ.

೨ ಜುಲೈ

ಲೇತ್ ಕೆಲಸ ನೋಡಿ ಬರುತ್ತೇನೆ ಎಂದು ಸುಳ್ಳು ಹೇಳಿ ಚಿತ್ರದುರ್ಗದ ಕಿವಿ ಡಾಕ್ಟರರ ಹತ್ತಿರ ಹೋಗಿದ್ದೆ. ಚೀಟಿ ಬರೆಸಿ ಬೆಂಚಿನ ಮೇಲೆ ಕೂತೆ. ಒಳಗಿಂದ ಒಬ್ಬಳು ಬಾಗಿಲಿಗೆ ಬಂದು ಹೆಸರು ಕೂಗುತ್ತಾಳೆ, ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. ಅವಳ ತುಟಿ ನೋಡುತ್ತಾ ಕೂತೆ. ನನಗಿಂತ ಹಿಂದೆ ಬಂದವರೆಲ್ಲ ಹೋದರು. ಕೊನೆಗೆ ಬೆಂಚು ಖಾಲಿಯಾಗಿ ಅವಳು ಬಾಗಿಲಿಗೆ ಬೀಗ ಹಾಕುವಾಗ ನನ್ನನ್ನು ನೋಡಿ ಏನೋ ಕೇಳಿದಳು. ಬಹುಶಃ "ನೀವು ಯಾರು?" ಎಂದಿರಬೇಕು.

ಕಿವಿ ಕೇಳದವರ ಆಸ್ಪತ್ರೆಯಲ್ಲಿ ಹೆಸರು ಕೂಗಿ ಕರೆಯುತ್ತಾರೆ! ದಾರಿಯುದ್ದಕ್ಕೂ ಸಿಟ್ಟಿತ್ತು. ಚಳ್ಳಕೆರೆಯಲ್ಲಿ ಇಳಿಯುವ ಹೊತ್ತಿಗೆ ಸಿಟ್ಟು ಹೋಗಿ ಸುಸ್ತು ಉಳಿದಿತ್ತು.

೩ ಜುಲೈ

ಸುಲೋಚನಳಿಗೆ ಹೇಳಿದೆ. ಅವಳು ಹಿತ್ತಲಿನಲ್ಲಿ ಅವರೆಕಾಳು ಆರಿಸುತ್ತಿದ್ದಳು. ಮೊರದ ಎದುರಿಗೆ ಕೂತು, ಕಿವಿ ಕೇಳುವುದಿಲ್ಲ, ನಿನ್ನೆ ದುರ್ಗಕ್ಕೆ ಹೋಗಿ ಹಾಗೇ ಬಂದೆ ಎಂದೆ. ಅವಳು ಮೊರ ಪಕ್ಕಕ್ಕಿಟ್ಟು ನನ್ನ ಮುಖಕ್ಕೆ ಮುಖ ತಂದು ಮಾತಾಡಿದಳು. ಒಂದೊಂದು ಮಾತೂ ಕೇಳಿಸಿತು.

"ನೀವು ನನ್ನ ಮೇಲೆ ಮುನಿಸ್ಕಂಡೀರಿ ಅಂದ್ಕಂಡಿದ್ದೆ ಕಣ್ರೀ. ಏನ್ ಕೇಳಿದ್ರೂ ಉತ್ರ ಇಲ್ಲ. ಎಲ್ಡು ಸಲ ಕೇಳಿದ್ರೆ ಯಾಕ್ ಕೂಗ್ತೀಯ ಅಂತ ರೇಗ್ತಿದ್ರಿ. ಅದಕ್ಕೆ ನಾನೂ ಸುಮ್ನಾದೆ."

"ನೀನು ಮುನಿಸ್ಕಂಡೀಯ ಅಂತ ನಾನು ಸುಮ್ನಿದ್ದೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನಗು ಬಂತು ಅವಳಿಗೆ. "ಸೋಮವಾರ ನಾನೂ ಬರ್ತೀನಿ. ಹೆಸರು ಕೂಗಿದ್ರೆ ನಾನು ಕೇಳಿಸ್ಕಂತೀನಿ."

೬ ಜುಲೈ

ಹೆಸರು ಕೂಗಿದಾಗ ಸುಲೋಚನ ನನ್ನ ತೊಡೆ ತಟ್ಟಿದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಒಂದು ಉಕ್ಕಿನ ಕವೆಯನ್ನು ಮೊಣಕೈಗೆ ಬಡಿದು ಕಿವಿಯ ಎದುರು ಹಿಡಿದರು. ಏನೂ ಕೇಳಿಸಲಿಲ್ಲ. ಅದೇ ಕವೆಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ಜುಂಯ್ ಎಂದು ತಲೆಯ ತುಂಬ ಸದ್ದು! ಬಡೇಸಾಬನ ಗ್ಯಾರೇಜಿನಲ್ಲಿ ಆದದ್ದನ್ನು ಹೇಳಿದೆ. ಅವರು ನಕ್ಕು ಸುಲೋಚನಳ ಕಡೆ ತಿರುಗಿ ಹೇಳಿದರು, ಅವಳು ನನಗೆ ಹೇಳಿದಳು.

"ಒಳಗಿನ ನರ ಚೆನ್ನಾಗೈತಂತೆ. ದಾರಿ ಮುಚ್ಚೈತಂತೆ, ಅಷ್ಟೇ. ಕಿವಿಗೆ ಏನೇನು ಹಾಕ್ತೀರಿ ಅಂತ ಕೇಳ್ತಾ ಅವ್ರೆ."

ಎಣ್ಣೆನೀರಿನ ದಿನ ತಪ್ಪದೆ ಕಡಲೆಕಾಯಿ ಎಣ್ಣೆ, ನವೆಯಾದರೆ ಬೆಂಕಿಕಡ್ಡಿ ಎಂದೆ. ಅದರ ಜೊತೆಗೆ ರಸ್ತೆಯ ಧೂಳು. ಗುಗ್ಗೆ ಸೇರಿ ಸೇರಿ ಎರಡೂ ಕಡೆ ಕಲ್ಲಿನ ಹಾಗೆ ಕೂತಿದೆಯಂತೆ. ಬೆಂಕಿಕಡ್ಡಿಯಿಂದ ನಾನೇ ಅದನ್ನು ಒಳಗೊಳಗೆ ತಳ್ಳಿದ್ದೇನೆ. ಒಂದು ವಾರ ಹನಿ ಹಾಕಿ ಮೆತ್ತಗೆ ಮಾಡಿ, ಆಮೇಲೆ ತೊಳೆಯಬೇಕಂತೆ.

ಗುಗ್ಗೆಗೋಸ್ಕರ ನಾನು ಸತ್ತು ಬದುಕಿದೆನೇ? ನಂಬಿಕೆ ಬರುತ್ತಿಲ್ಲ. ತೊಳೆದ ಮೇಲೂ ಕೇಳಿಸದಿದ್ದರೆ? ಅದನ್ನು ಈಗ ಯೋಚಿಸುವುದಿಲ್ಲ.

೯ ಜುಲೈ

ಹನಿ ಹಾಕಿದಾಗಿನಿಂದ ಗುಗ್ಗೆ ಊದಿಕೊಂಡು ಪೂರ್ತಿ ಕಿವುಡು. ಸುಲೋಚನ ಸನ್ನೆ ಮಾಡಿ ಊಟಕ್ಕೆ ಕರೆಯುತ್ತಾಳೆ, ನಾನೂ ಸನ್ನೆ ಮಾಡಿ ಉಪ್ಪು ಕೇಳುತ್ತೇನೆ. ಇಬ್ಬರಿಗೂ ನಗು.

೧೩ ಜುಲೈ

ಎಲ್ಲಿಂದ ಬರೆಯಲಿ?

ಡಾಕ್ಟರಮ್ಮ ದಪ್ಪ ಪಿಚಕಾರಿಯಿಂದ ಬೆಚ್ಚಗಿನ ನೀರು ಹೊಡೆದರು. ತಲೆ ತಿರುಗಿತು. ಕಿವಿಯ ಕೆಳಗೆ ಹಿಡಿದಿದ್ದ ಬಟ್ಟಲಿಗೆ ಏನೋ ಬಿತ್ತು, ಹುಣಸೆಬೀಜದಂಥದ್ದು. ಒಡನೆಯೇ ಬಲಗಡೆಯಿಂದ ಲೋಕವೆಲ್ಲ ನುಗ್ಗಿ ಬಂತು. ಫ್ಯಾನು ಇಷ್ಟೊಂದು ಸದ್ದು ಮಾಡುತ್ತದೆಯೇ? ಹೊರಗೆ ಯಾರೋ ಚಿಲ್ಲರೆ ಎಣಿಸುತ್ತಿದ್ದರು, ಒಂದು ಮಗು ಬಿಕ್ಕುತ್ತಿತ್ತು. ಸುಲೋಚನ ಹಿಂದೆ ನಿಂತಿದ್ದಳು, ಅವಳನ್ನು ನೋಡದೆಯೇ ಅವಳ ಬಳೆಯ ಸದ್ದು ಕೇಳಿದೆ.

"ಕೇಳ್ತಾ ಐತೇನ್ರೀ?" ಎಂದಳು, ಮೆಲ್ಲಗೆ, ಪಿಸುಮಾತಿಗಿಂತ ಒಂದು ಕೂದಲೆಳೆ ಜೋರಾಗಿ.

"ಕೂಗಬ್ಯಾಡ ಮಾರಾಯ್ತಿ" ಎಂದೆ. ಡಾಕ್ಟರಮ್ಮನಿಗೂ ನಗು ತಡೆಯಲಾಗಲಿಲ್ಲ.

ಎಡಗಿವಿ ಪೂರ್ತಿ ಬರಲಿಲ್ಲ. ಮಿಲ್ಲಿನ ಗದ್ದಲ ಅಲ್ಲಿ ಸ್ವಲ್ಪ ತಿಂದಿದೆಯಂತೆ, ಅದು ಹಾಗೇ ಇರುತ್ತದೆ. ವ್ಯಾನು ಓಡಿಸಬಹುದೇ ಎಂದು ಕೇಳಿದೆ. ಅವರು ಮತ್ತೆ ಮಿಷನ್ನಿನಲ್ಲಿ ಪರೀಕ್ಷೆ ಮಾಡಿಯೇ ಉತ್ತರ ಕೊಟ್ಟರು. "ಓಡಿಸಿ. ಕನ್ನಡಿ ನೋಡ್ತಾ ಇರಿ. ವರ್ಷಕ್ಕೊಮ್ಮೆ ಬಂದು ತೋರಿಸಿ. ಬೆಂಕಿಪೆಟ್ಟಿಗೆ ಅಡುಗೆಮನೇಲಿ ಇರಲಿ."

ಬಸ್ಸಿನಲ್ಲಿ ಸುಲೋಚನ ಮಾತಾಡಿದ್ದೇ ಮಾತಾಡಿದ್ದು. ನನ್ನಿವಾಳದ ಅವಳ ಚಿಕ್ಕಮ್ಮ ಬೋರಕ್ಕನ ಮಂಡಿನೋವು, ಪಕ್ಕದ ಮನೆಯ ಹೊಸ ಸೊಸೆ, ಹೋದ ದೀಪಾವಳಿಯಲ್ಲಿ ಅವಳು ನನಗೆ ಹೇಳಿ ನಾನು ಕೇಳಿಸಿಕೊಳ್ಳದೇ ಹೋದ ಒಂದು ವಿಷಯ. ಊರು ಬಂದದ್ದೇ ತಿಳಿಯಲಿಲ್ಲ.

೧೮ ಜುಲೈ

ಎಂಜಿನ್ ಕೂಡಿಸಿ ಆಯಿತು. ಬಡೇಸಾಬ ಕೀ ನನ್ನ ಕೈಗೆ ಕೊಟ್ಟು ದೂರ ನಿಂತ. ಸ್ಟಾರ್ಟ್ ಮಾಡಿದರೆ ಏನು ಆರ್ಭಟ! ಹೆದರಿ ಆಫ್ ಮಾಡಿಬಿಟ್ಟೆ.

"ಯಾಕ್ಲೇ?" ಎಂದ ಅವನು.

"ಇಷ್ಟು ಸದ್ದು ಮಾಡ್ತೈತಲ್ಲೋ, ಏನೋ ಹೋಗೈತೆ."

"ಏನೂ ಹೋಗಿಲ್ಲ. ಡೀಸೆಲ್ ಎಂಜಿನ್ ಅಂದ್ರೆ ಹಿಂಗೇ. ನೀನು ಮರ್ತಿದ್ದೀಯ." ಅವನಿನ್ನೂ ಕೂಗುತ್ತಲೇ ಇದ್ದ.

"ಮೆಲ್ಲಗೆ ಮಾತಾಡೋ, ಕೇಳಿಸ್ತೈತೆ" ಎಂದೆ.

ಅವನು ಗಂಟಲು ಸರಿಮಾಡಿಕೊಂಡು, ಮೆಲ್ಲಗೆ ಮಾತಾಡಲು ನೋಡಿದ. ಬರಲಿಲ್ಲ. ಇಬ್ಬರೂ ನಕ್ಕೆವು. ಸ್ವಲ್ಪ ದಿನ ನಿಧಾನವಾಗಿ ಓಡಿಸು, ಪಿಸ್ಟನ್ ಕೂರಲಿ ಎಂದ. ಮಲ್ಲಿಕ್ ಕೂಡ ಬಂದಿದ್ದ. ಸುಲೋಚನ ಅವನಿಗೆ ಎಲ್ಲ ಹೇಳಿದ್ದಾಳೆ. ಬಾನೆಟ್ಟಿನ ಮೇಲೆ ಕೈ ಇಟ್ಟು, "ಮೊದಲೇ ಹೇಳಿದ್ರೆ ನಾನೇ ಕರ್ಕಂಡ್ ಹೋಗ್ತಿದ್ನಲ್ಲ ಭಾವ" ಎಂದ. ಟೀಚರ್‌ಗಳ ಮನೆಮನೆಗೂ ಹೋಗಿ ಸೋಮವಾರದಿಂದ ವ್ಯಾನು ಬರುತ್ತದೆ ಎಂದು ಹೇಳಿ ಬಂದವನೂ ಅವನೇ.

೨೦ ಜುಲೈ

ಇಬ್ಬರು ಬೇರೆ ಗಾಡಿ ಹಿಡಿದಿದ್ದಾರೆ. ಮಿಕ್ಕವರೆಲ್ಲ ಬಂದರು. ದಾಕ್ಷಾಯಿಣಿ ಮೇಡಂ ಮುಂದಿನ ಸೀಟಿನಲ್ಲೇ ಕೂತರು. ಎಂಜಿನ್ ಕಡೆ ಕಿವಿಗೊಟ್ಟು ನನಗೆ ಹೆಬ್ಬೆರಳು ತೋರಿಸಿದರು. ಕೂಗುವ ಶ್ರಮ ಯಾಕೆ ಎಂದುಕೊಂಡಿರಬೇಕು.

ಬೆಳಿಗ್ಗೆ ನನ್ನ ಗಮನವೆಲ್ಲ ಎಂಜಿನ್ ಮೇಲೆ, ಕನ್ನಡಿಯ ಮೇಲೆ. ಹಿಂದಿನಿಂದ ಬಂದ ಪ್ರತಿ ಹಾರನ್ನಿಗೂ ಎಡಕ್ಕೆ ಸರಿದೆ. ಹಾರನ್ ಕೇಳಿ ಇಷ್ಟು ಖುಷಿಪಟ್ಟ ಡ್ರೈವರು ಈ ರಸ್ತೆಯಲ್ಲಿ ಇನ್ನೊಬ್ಬನಿರಲಾರ.

ಸಂಜೆ ವಾಪಸು ಬರುವಾಗ ಹಿಂದಿನಿಂದ ಮಾತು ಕೇಳತೊಡಗಿತು. ಎಷ್ಟು ಮಾತು! ಒಬ್ಬರು ಹೆಡ್‌ಮಾಸ್ಟರರ ನಡಿಗೆಯನ್ನು ಬಾಯಲ್ಲೇ ನಡೆದು ತೋರಿಸುತ್ತಿದ್ದರು. ಇನ್ನೊಬ್ಬರು ಅತ್ತೆಯನ್ನು ಬೈದರು, ಬೈದು ಬೈದು ತೆಲುಗಿಗೆ ತಿರುಗಿ ಮತ್ತೆ ಬೈದರು. ಆಮೇಲೆ ಎಲ್ಲರೂ ಸೇರಿ, ಅರುಣಾ ಎಂಬ ಚಿಕ್ಕ ಟೀಚರಿಗೆ ಬಂದ ಗಂಡನ್ನು ಒಪ್ಪಬೇಕೋ ಬೇಡವೋ ಎಂದು ವಿಚಾರಣೆ ನಡೆಸಿದರು. ಆ ಹುಡುಗಿ ತನಗೆ ಬೇರೆ ಒಬ್ಬರ ಮೇಲೆ ಮನಸ್ಸಿದೆ ಎಂದು ಹೇಳಲು ಹೊರಟಳು. ಎರಡು ವರ್ಷದಿಂದ ಇವರೆಲ್ಲ ನನ್ನ ಬೆನ್ನ ಹಿಂದೆ ಮನೆಯ ಜಗಲಿಯ ಮೇಲೆ ಕೂತ ಹಾಗೆ ಮಾತಾಡಿಕೊಂಡು ಬಂದಿದ್ದಾರೆ. ಕಿವಿ ಕೇಳಿಸದವನೆಂದು ನಂಬಿ ಮಾತಾಡಿದ್ದಾರೆ.

ಸುಮ್ಮನಿರಬಹುದಿತ್ತು. ಆ ಹುಡುಗಿ ಹೆಸರು ಹೇಳುವ ಮೊದಲು ವ್ಯಾನನ್ನು ನಿಧಾನ ಮಾಡಿದೆ.

"ಅಮ್ಮಯ್ಯಗಳಿರಾ, ಒಂದು ಮಾತು. ನನ್ನ ಕಿವಿ ಸರಿಹೋಗೈತೆ. ಈಗ ಎಲ್ಲ ಕೇಳಿಸ್ತೈತೆ."

ವ್ಯಾನಿನೊಳಗೆ ಎಂಜಿನ್ ಸದ್ದೊಂದೇ ಉಳಿಯಿತು. ಕನ್ನಡಿಯಲ್ಲಿ ನೋಡಿದರೆ ಎಲ್ಲರ ಬಾಯಿಯೂ ಅರ್ಧ ತೆರೆದಿದೆ. ನನಗೆ ಪಾಪ ಎನಿಸಿತು, ಹೇಳಬಾರದಿತ್ತೇನೋ ಎಂದೂ ಎನಿಸಿತು.

ತಳಕಿನಲ್ಲಿ ದಾಕ್ಷಾಯಿಣಿ ಮೇಡಂ ನನ್ನ ಕಡೆ ತಿರುಗಿದರು. ಕೂಗಲಿಲ್ಲ. "ಎಲ್ಲಿಂದ ಕೇಳಿಸ್ಕಂಡ್ರಿ ಅಣ್ಣಾ?"

"ಹೆಡ್‌ಮಾಸ್ಟ್ರಿಂದ" ಎಂದೆ.

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಒಬ್ಬರಿಗೆ ಬಂದ ನಗು ಎಲ್ಲರಿಗೂ ಬಂತು. ಅತ್ತೆಯನ್ನು ಬೈದವರು ನಗುತ್ತಲೇ, "ಅಣ್ಣಾ, ನಮ್ಮ ಮನೆಯವರಿಗೆ ಹೇಳ್ಬ್ಯಾಡ್ರಿ ಮತ್ತೆ" ಎಂದರು. ನಾನು ಹೇಳುವುದಿಲ್ಲ ಎಂದೆ.

ಚಳ್ಳಕೆರೆಯ ಬಸ್ ಸ್ಟ್ಯಾಂಡಿನ ಎದುರು ಒಬ್ಬೊಬ್ಬರೇ ಇಳಿದರು. ಕೊನೆಗೆ ಇಳಿದವಳು ಅರುಣಾ. ಬಾಗಿಲು ಹಾಕಿ, ಕಿಟಕಿಯ ಹತ್ತಿರ ಬಂದು ನಿಂತು, ನೆಲ ನೋಡುತ್ತಾ ಕೇಳಿದಳು.

"ಅಣ್ಣಾ, ನೀವೇನಂತೀರಿ? ಮನೇಲಿ ಹೇಳಿಬಿಡ್ಲಾ?"

ಅವಳು ತುಂಬ ಮೆಲ್ಲಗೆ ಕೇಳಿದಳು. ಎಂಜಿನ್ ಓಡುತ್ತಿತ್ತು, ಹಿಂದೆ ಬಸ್ಸುಗಳ ಗದ್ದಲವೂ ಇತ್ತು. ಆದರೂ ಕೇಳಿಸಿತು.

"ಹೇಳಮ್ಮ" ಎಂದೆ.